ಗರ್ಭಿಣಿಯ ರಕ್ತದಲ್ಲಿ ಕೊಬ್ಬಿನ ಹನಿ: ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಏಳು ತಿಂಗಳ ಗರ್ಭಿಣಿಯೊಬ್ಬರಿಗೆ ಅಪಘಾತವಾಗಿ ತೊಡೆಮೂಳೆ ಮುರಿದಿದೆ ಅಂದುಕೊಳ್ಳಿ. ಮೊದಲ ದಿನ ಎಲ್ಲ ಸರಿಯಾಗಿಯೇ ಇರುತ್ತದೆ. ನೋವಿದ್ದರೂ ಮಾತಾಡುತ್ತಾರೆ, ಮಗುವಿನ ಎದೆಬಡಿತ ಚೆನ್ನಾಗಿರುತ್ತದೆ. ಎರಡನೇ ದಿನ ಉಸಿರಾಟ ಜೋರಾಗುತ್ತದೆ. ಆಕ್ಸಿಜನ್ ಮಟ್ಟ 88ಕ್ಕೆ ಇಳಿಯುತ್ತದೆ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರತೊಡಗುತ್ತದೆ.

ಏನಾಗಿರಬಹುದು? ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿರಬಹುದು. ನ್ಯುಮೋನಿಯಾ ಇರಬಹುದು. ಎದೆಗೆ ಬಿದ್ದ ಪೆಟ್ಟು ತಡವಾಗಿ ಕಾಣಿಸಿಕೊಳ್ಳುತ್ತಿರಬಹುದು. ಡ್ರಿಪ್ಸ್ ಜಾಸ್ತಿಯಾಗಿ ಶ್ವಾಸಕೋಶಕ್ಕೆ ನೀರು ಇಳಿದಿರಬಹುದು. ಬಿಪಿ ಏರಿ ಪ್ರೀಎಕ್ಲಾಂಪ್ಸಿಯಾ (ಗರ್ಭಾವಸ್ಥೆಯಲ್ಲಿ ಬರುವ ಬಿಪಿ ಕಾಯಿಲೆ) ಶುರುವಾಗಿರಬಹುದು. ಇಲ್ಲವೇ ಮುರಿದ ಮೂಳೆಯ ಮಜ್ಜೆಯಿಂದ ಕೊಬ್ಬಿನ ಹನಿಗಳು ರಕ್ತಕ್ಕೆ ಸೇರಿ ಶ್ವಾಸಕೋಶ, ಮಿದುಳು, ಚರ್ಮದ ಸಣ್ಣ ಸಣ್ಣ ನಾಳಗಳನ್ನು ಕೆಡಿಸುತ್ತಿರಬಹುದು. ಈ ಕೊನೆಯದಕ್ಕೆ ಫ್ಯಾಟ್ ಎಂಬಾಲಿಸಂ ಸಿಂಡ್ರೋಮ್ ಎನ್ನುತ್ತಾರೆ.

ಒಂದೊಂದಕ್ಕೂ ಚಿಕಿತ್ಸೆ ಬೇರೆ. ಒಂದಕ್ಕೆ ಕೊಡುವ ಔಷಧಿ ಇನ್ನೊಂದರಲ್ಲಿ ಅಪಾಯ ತರಬಹುದು. ಇಂಥ ಹೊತ್ತಿನಲ್ಲಿ ರೋಗಿಯನ್ನು ಬೇರೆ ಕೋಣೆಗೆ ಸಾಗಿಸದೆ, ಹಾಸಿಗೆ ಪಕ್ಕದಲ್ಲೇ, ಹತ್ತು ಹದಿನೈದು ನಿಮಿಷದಲ್ಲಿ ನೋಡಬಹುದಾದ ಸಾಧನ ಅಲ್ಟ್ರಾಸೌಂಡ್. ಆದರೆ ಅದರ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ನೋಡಿ, ಇದೇ ಕೊಬ್ಬು" ಎಂದು ಅಲ್ಟ್ರಾಸೌಂಡ್ ತೋರಿಸಿಕೊಡುವುದು ಬಹಳ ಅಪರೂಪ. ಅದರ ನಿಜವಾದ ಬೆಲೆ ಇರುವುದು ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸುವುದರಲ್ಲಿ, ಹೃದಯದ ಬಲಭಾಗ ಎಷ್ಟು ಒದ್ದಾಡುತ್ತಿದೆ ಎಂದು ಹೇಳುವುದರಲ್ಲಿ, ಮತ್ತು ಕೆಲವು ಗಂಟೆ ಬಿಟ್ಟು ಮತ್ತೆ ನೋಡಿದಾಗ ಏನು ಬದಲಾಗಿದೆ ಎಂದು ತೋರಿಸುವುದರಲ್ಲಿ.

ಮೊದಲು ಕಾಯಿಲೆ ಅರ್ಥವಾಗಲಿ

ತೊಡೆಮೂಳೆಯಂಥ ಉದ್ದ ಮೂಳೆಗಳ ಒಳಗೆ ಮಜ್ಜೆ ಇರುತ್ತದೆ, ದೊಡ್ಡವರಲ್ಲಿ ಅದರ ಬಹುಪಾಲು ಕೊಬ್ಬೇ. ಮೂಳೆ ಮುರಿದಾಗ ಒಳಗಿನ ಒತ್ತಡ ಏರುತ್ತದೆ, ಹರಿದ ರಕ್ತನಾಳಗಳ ಬಾಯಿಯಿಂದ ಕೊಬ್ಬು ಒಳಗೆ ನುಗ್ಗುತ್ತದೆ. ಅಲ್ಲಿಂದ ಹೃದಯದ ಬಲಭಾಗ, ಅಲ್ಲಿಂದ ಶ್ವಾಸಕೋಶ. ಇದು ಸರಳವಾದ ಅರ್ಧ ಕಥೆ. ಉಳಿದರ್ಧ ರಾಸಾಯನಿಕದ್ದು. ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಕೊಬ್ಬು ನಿಧಾನವಾಗಿ ಒಡೆದು ಕೊಬ್ಬಿನಾಮ್ಲಗಳಾಗುತ್ತದೆ. ಅವು ಸಣ್ಣ ನಾಳಗಳ ಒಳಪದರವನ್ನು ಸುಡುತ್ತವೆ, ಉರಿಯೂತ ಶುರುವಾಗುತ್ತದೆ, ನಾಳಗಳಿಂದ ನೀರು ಸೋರುತ್ತದೆ. ಲಕ್ಷಣಗಳು ಪೆಟ್ಟು ಬಿದ್ದ ತಕ್ಷಣ ಬರದೆ ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ ಎಂದು ವಿವರಿಸುತ್ತಾರೆ.

ಎಂಬಾಲಿಸಂ (ಕೊಬ್ಬು ರಕ್ತಕ್ಕೆ ಸೇರುವುದು) ಬೇರೆ, ಸಿಂಡ್ರೋಮ್ (ಅದರಿಂದ ಕಾಯಿಲೆಯಾಗುವುದು) ಬೇರೆ. ಉದ್ದ ಮೂಳೆ ಮುರಿದವರಲ್ಲಿ ಬಹುತೇಕ ಎಲ್ಲರ ರಕ್ತಕ್ಕೂ ಒಂದಿಷ್ಟು ಕೊಬ್ಬು ಸೇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಒಂದೇ ಉದ್ದ ಮೂಳೆ ಮುರಿದವರಲ್ಲಿ ಸುಮಾರು 100ಕ್ಕೆ 1ರಿಂದ 3 ಜನರಿಗಷ್ಟೇ ಅದು ಕಾಯಿಲೆಯಾಗುತ್ತದೆ, ಹಲವು ಮೂಳೆಗಳು ಮುರಿದರೆ ಜಾಸ್ತಿ. ಅಂದರೆ ಸ್ಕ್ಯಾನಿನಲ್ಲಿ ಕೊಬ್ಬಿನಂಥದ್ದು ಕಂಡಿತು ಎಂದ ಮಾತ್ರಕ್ಕೆ ಕಾಯಿಲೆ ಅದೇ ಎನ್ನುವಂತಿಲ್ಲ. ಇದು ನೆನಪಿನಲ್ಲಿರಲಿ, ಮುಂದೆ ಮತ್ತೆ ಬೇಕಾಗುತ್ತದೆ.

ಲಕ್ಷಣಗಳಲ್ಲಿ ಮುಖ್ಯವಾದವು ಮೂರು: ಆಕ್ಸಿಜನ್ ಕುಸಿತ, ಮಿದುಳಿನ ಗೊಂದಲ, ಮೈಮೇಲೆ ಕೆಂಪು ಚುಕ್ಕೆ. ಉಸಿರಾಟದ ತೊಂದರೆ ಬಹುತೇಕ ಎಲ್ಲರಲ್ಲೂ ಇರುತ್ತದೆ. ಗೊಂದಲ, ಮಂಪರು, ಕೆಲವೊಮ್ಮೆ ಫಿಟ್ಸ್ ಹಲವರಲ್ಲಿ. ಕೆಂಪು ಚುಕ್ಕೆಗಳು ಎಲ್ಲರಲ್ಲೂ ಬರುವುದಿಲ್ಲ, ಬಂದರೂ ಕಂಕುಳು, ಕುತ್ತಿಗೆ, ಎದೆಯ ಮೇಲ್ಭಾಗ, ಕಣ್ಣರೆಪ್ಪೆಯ ಒಳಭಾಗದಲ್ಲಿ ಇರುತ್ತವೆ, ಬೇಗ ಮಾಯವಾಗುತ್ತವೆ. ಹುಡುಕಿ ನೋಡಬೇಕು. ಕಣ್ಣರೆಪ್ಪೆ ಮಗುಚಿ, ಕಂಕುಳು ಎತ್ತಿ ನೋಡುವುದಕ್ಕೆ ಯಾವ ಯಂತ್ರವೂ ಬೇಡ, ಆದರೂ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಇದೇ.

1970ರಲ್ಲಿ ಗರ್ಡ್ ಎಂಬ ವೈದ್ಯರು ಈ ಲಕ್ಷಣಗಳನ್ನು ಮುಖ್ಯ ಮತ್ತು ಕಿರಿಯ ಎಂದು ವಿಂಗಡಿಸಿದರು. ಇಂದಿಗೂ ಅದನ್ನೇ ಆಧಾರವಾಗಿ ಬಳಸುತ್ತಾರೆ. ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತ ಪರೀಕ್ಷೆ ಇಲ್ಲ, ಒಂದೇ ಒಂದು ಸ್ಕ್ಯಾನ್ ಕೂಡ ಇಲ್ಲ. ಎಲ್ಲವನ್ನೂ ಕೂಡಿಸಿ, ಬೇರೆಯದನ್ನು ಕಳೆದು ತೀರ್ಮಾನಕ್ಕೆ ಬರಬೇಕು.

ಗರ್ಭಿಣಿಯಲ್ಲಿ ಯಾಕೆ ಇಷ್ಟು ಕಷ್ಟ

ಗರ್ಡ್ ಪಟ್ಟಿಯ ಕಿರಿಯ ಲಕ್ಷಣಗಳನ್ನು ನೋಡಿ: ನಾಡಿ ಜೋರು, ರಕ್ತಹೀನತೆ, ಪ್ಲೇಟ್‌ಲೆಟ್ ಇಳಿಕೆ, ಇಎಸ್‌ಆರ್ (ಉರಿಯೂತದ ಸುಳಿವು ಕೊಡುವ ರಕ್ತ ಪರೀಕ್ಷೆ) ಏರಿಕೆ. ಇವೆಲ್ಲ ಒಂದಿಷ್ಟು ಮಟ್ಟಿಗೆ ಸಾಮಾನ್ಯ ಗರ್ಭಾವಸ್ಥೆಯಲ್ಲೇ ಇರುತ್ತವೆ! ರಕ್ತದ ಪ್ರಮಾಣ 40ರಿಂದ 50 ಶೇಕಡಾ ಹೆಚ್ಚಾಗುವುದರಿಂದ ಹಿಮೋಗ್ಲೋಬಿನ್ ತೆಳುವಾಗುತ್ತದೆ, ನಾಡಿ ನಿಮಿಷಕ್ಕೆ 10ರಿಂದ 20 ಹೆಚ್ಚು ಬಡಿಯುತ್ತದೆ, ಪ್ಲೇಟ್‌ಲೆಟ್ ಸ್ವಲ್ಪ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟಿದ ಸುಳಿವು ಕೊಡುವ ಡಿ-ಡೈಮರ್ ಕೂಡ ತಾನಾಗೇ ಏರಿರುತ್ತದೆ. ಹಾಗಾಗಿ ಅಂಕ ಕೂಡಿಸುವ ಪಟ್ಟಿಗಳು ಇಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ.

ಇದಕ್ಕಿಂತ ಗಂಭೀರವಾದದ್ದು ಆಕ್ಸಿಜನ್ ಲೆಕ್ಕ. ಗರ್ಭಿಣಿಯ ದೇಹ ಸುಮಾರು 20 ಶೇಕಡಾ ಹೆಚ್ಚು ಆಕ್ಸಿಜನ್ ಬಳಸುತ್ತದೆ. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಮಾತ್ರ ಸುಮಾರು 20 ಶೇಕಡಾ ಕಡಿಮೆ. ಖರ್ಚು ಜಾಸ್ತಿ, ಉಳಿತಾಯ ಕಡಿಮೆ. ಬೇರೆಯವರು ಒಂದಿಷ್ಟು ಹೊತ್ತು ತಡೆದುಕೊಳ್ಳುವ ತೊಂದರೆಯಲ್ಲಿ ಗರ್ಭಿಣಿ ಬೇಗ ಕುಸಿಯುತ್ತಾರೆ. ಮಗುವಿಗೆ ತೊಂದರೆಯಾಗಬಾರದೆಂದು ಆಕ್ಸಿಜನ್ ಮಟ್ಟವನ್ನು 95ರ ಮೇಲೆ ಇಡಲು ನೋಡುತ್ತಾರೆ. ಇನ್ನೊಂದು ಸೂಕ್ಷ್ಮ ಇದೆ. ಗರ್ಭಿಣಿಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸಾಮಾನ್ಯವಾಗಿ 30 ಮಿ.ಮೀ. ಪಾದರಸದ ಆಸುಪಾಸು ಇರುತ್ತದೆ, ಬೇರೆಯವರಲ್ಲಿ ಅದು 40. ಆದ್ದರಿಂದ ಉಸಿರಾಡಲು ಒದ್ದಾಡುತ್ತಿರುವ ಗರ್ಭಿಣಿಯ ರಿಪೋರ್ಟಿನಲ್ಲಿ 40 ಎಂದು ಬಂದರೆ ಅದು ನಾರ್ಮಲ್ ಅಲ್ಲ, ಆಕೆ ಸುಸ್ತಾಗಿ ಸೋಲುತ್ತಿದ್ದಾರೆ ಎಂದರ್ಥ.

ಮೂಳೆ ಮುರಿಯದೆಯೂ ಈ ಕಾಯಿಲೆ ಬರಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ) ಇರುವ ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ ಮತ್ತು ಹೆರಿಗೆಯ ಸುತ್ತಮುತ್ತ, ಮೂಳೆಯೊಳಗಿನ ಮಜ್ಜೆಯೇ ರಕ್ತ ಸಿಗದೆ ಸತ್ತು, ಅದರ ಕೊಬ್ಬು ರಕ್ತಕ್ಕೆ ಹರಿಯುವುದುಂಟು. ಆಕೆಗೆ ಅಪಘಾತ ಆಗಿರುವುದಿಲ್ಲ. ಬೆನ್ನು, ಸೊಂಟ, ತೊಡೆಯಲ್ಲಿ ವಿಪರೀತ ನೋವು, ಜ್ವರ, ಆಮೇಲೆ ಉಸಿರಾಟದ ತೊಂದರೆ, ಗೊಂದಲ. ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್ ದಡದಡನೆ ಇಳಿಯುತ್ತವೆ, ರಕ್ತ ಪರೀಕ್ಷೆಯಲ್ಲಿ ಎಲ್‌ಡಿಹೆಚ್ ಮತ್ತು ಫೆರಿಟಿನ್ ಎಂಬ ಅಂಶಗಳು ಮೇಲಕ್ಕೆ ಹೋಗುತ್ತವೆ. ಸಿಕಲ್ ಸೆಲ್‌ನ ಸೌಮ್ಯ ಬಗೆಗಳಲ್ಲಿ, ಅಲ್ಲಿಯವರೆಗೆ ಕಾಯಿಲೆ ಇದೆ ಎಂದೇ ಗೊತ್ತಿಲ್ಲದವರಲ್ಲೂ ಇದು ಮೊದಲ ಬಾರಿಗೆ ಹೀಗೆ ಹೊರಬೀಳಬಹುದು. ಇಂಥವರಿಗೆ ಬೇಗ ರಕ್ತ ಬದಲಾಯಿಸುವ ಚಿಕಿತ್ಸೆ ಮಾಡಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಅನುಮಾನ ಬರುವುದೇ ಇಲ್ಲಿ ದೊಡ್ಡ ವಿಷಯ.

ಪ್ರೋಬ್ ಎಲ್ಲಿ ಇಡಬೇಕು, ಏನು ನೋಡಬೇಕು

ಪ್ರೋಬ್ ಎಂದರೆ ಮೈಮೇಲೆ ಇಟ್ಟು ಚಿತ್ರ ಪಡೆಯುವ ಅಲ್ಟ್ರಾಸೌಂಡಿನ ಕೈಸಾಧನ. ಮೊದಲು ಮಲಗಿಸುವ ರೀತಿ. 20 ವಾರ ದಾಟಿದ ಗರ್ಭಿಣಿಯನ್ನು ನೇರ ಬೆನ್ನ ಮೇಲೆ ಮಲಗಿಸಿದರೆ ಗರ್ಭಕೋಶ ಹೊಟ್ಟೆಯ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ, ಹೃದಯಕ್ಕೆ ರಕ್ತ ವಾಪಸ್ ಬರುವುದು ಕಡಿಮೆಯಾಗುತ್ತದೆ, ಬಿಪಿ ಬೀಳುತ್ತದೆ. ಎಡಕ್ಕೆ ಸ್ವಲ್ಪ ವಾಲಿಸಬೇಕು. ಮೂಳೆ ಮುರಿದು ವಾಲಿಸಲಾಗದಿದ್ದರೆ ಯಾರಾದರೂ ಕೈಯಿಂದ ಗರ್ಭಕೋಶವನ್ನು ಎಡಕ್ಕೆ ಸರಿಸಿ ಹಿಡಿಯಬೇಕು. ಎಡಮಗ್ಗುಲಲ್ಲಿ ಹೃದಯ ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದು ಹೆಚ್ಚುವರಿ ಲಾಭ. ಗರ್ಭದಿಂದಾಗಿ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ) ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ಸರಿದಿರುತ್ತದೆ, ಆದ್ದರಿಂದ ಎದೆಯ ಮೇಲೆ ಪ್ರೋಬನ್ನು ಎಂದಿಗಿಂತ ಒಂದೆರಡು ಪಕ್ಕೆಲುಬು ಮೇಲೆ ಇಡಬೇಕು. ಇಲ್ಲದಿದ್ದರೆ ಯಕೃತ್ತನ್ನು ನೋಡಿ ಗಟ್ಟಿಯಾದ ಶ್ವಾಸಕೋಶ ಎಂದು ಭಾವಿಸುವ ಅಪಾಯ ಇದೆ.

ನಂತರ ಶ್ವಾಸಕೋಶ. ಅಲ್ಟ್ರಾಸೌಂಡ್ ಗಾಳಿಯನ್ನು ದಾಟುವುದಿಲ್ಲ. ಆದ್ದರಿಂದ ಆರೋಗ್ಯವಂತ ಶ್ವಾಸಕೋಶದಲ್ಲಿ ನಿಜವಾದ ಚಿತ್ರ ಬರುವುದೇ ಇಲ್ಲ. ಶ್ವಾಸಕೋಶದ ಹೊರಪದರದ ಬಿಳಿ ಗೆರೆ ಉಸಿರಿನ ಜೊತೆ ಜಾರುತ್ತಿರುತ್ತದೆ, ಅದರ ಕೆಳಗೆ ಸಮಾನ ಅಂತರದಲ್ಲಿ ಅಡ್ಡ ಗೆರೆಗಳು ಪ್ರತಿಫಲಿಸುತ್ತವೆ. ಇವು ಎ-ಲೈನ್. ಶ್ವಾಸಕೋಶದಲ್ಲಿ ನೀರು ಸೇರಿದರೆ ಹೊರಪದರದಿಂದ ಪರದೆಯ ತಳದವರೆಗೆ ಲಂಬವಾದ ಬಿಳಿ ಪಟ್ಟಿಗಳು ಇಳಿಯುತ್ತವೆ. ಇವು ಬಿ-ಲೈನ್. ಎರಡು ಪಕ್ಕೆಲುಬುಗಳ ನಡುವೆ ಮೂರು ಅಥವಾ ಹೆಚ್ಚು ಬಿ-ಲೈನ್ ಇದ್ದರೆ ಅದಕ್ಕೆ ಅರ್ಥವಿದೆ. ಒಂದೆರಡು ಇದ್ದರೆ ಬಿಡಿ, ಗರ್ಭಿಣಿಯರಲ್ಲಿ ಅಷ್ಟು ಕಾಣುವುದು ದೊಡ್ಡ ವಿಷಯವಲ್ಲ.

ಫ್ಯಾಟ್ ಎಂಬಾಲಿಸಂನಲ್ಲಿ ಬಿ-ಲೈನ್ ಹೇಗೆ ಬರುತ್ತವೆ ಎಂಬುದನ್ನು ಗಮನಿಸಬೇಕು. ಎರಡೂ ಕಡೆ ಬರುತ್ತವೆ, ಆದರೆ ಒಂದೇ ಸಮನಾಗಿ ಅಲ್ಲ. ಒಂದು ಜಾಗದಲ್ಲಿ ದಟ್ಟ, ಪಕ್ಕದಲ್ಲೇ ಚೆನ್ನಾಗಿರುವ ಶ್ವಾಸಕೋಶ. ಹೊರಪದರದ ಗೆರೆ ನಯವಾಗಿರದೆ ಒರಟಾಗಿ, ಅಲ್ಲಲ್ಲಿ ತುಂಡಾಗಿ ಕಾಣುತ್ತದೆ. ಅದರ ಕೆಳಗೆ ಚಿಕ್ಕ ಚಿಕ್ಕ ಗಟ್ಟಿ ತುಣುಕುಗಳು. ಹೃದಯದ ವೈಫಲ್ಯ ಅಥವಾ ಡ್ರಿಪ್ಸ್ ಜಾಸ್ತಿಯಾಗಿ ನೀರು ತುಂಬಿದ್ದರೆ ಚಿತ್ರ ಬೇರೆ: ಹೊರಪದರದ ಗೆರೆ ನಯವಾಗಿರುತ್ತದೆ, ಬಿ-ಲೈನ್ ಎರಡೂ ಕಡೆ ಸಮನಾಗಿ ಹರಡಿರುತ್ತವೆ, ಕೆಳಗೆ ನೀರಿನ ಶೇಖರಣೆ ಇರಬಹುದು. ಪೆಟ್ಟಿನಿಂದ ಶ್ವಾಸಕೋಶ ಜಜ್ಜಿದ್ದರೆ ಬಿ-ಲೈನ್ ಪೆಟ್ಟು ಬಿದ್ದ ಕಡೆ ಮಾತ್ರ, ಅದೂ ಮೊದಲ ಕೆಲವು ಗಂಟೆಗಳಲ್ಲೇ. ಗಾಳಿ ಸೋರಿ ಶ್ವಾಸಕೋಶ ಕುಸಿದಿದ್ದರೆ ಆ ಬಿಳಿ ಗೆರೆ ಜಾರುವುದೇ ಇಲ್ಲ. ಉರಿಯೂತದಿಂದ ಬಂದ ಬೇರೆ ಶ್ವಾಸಕೋಶದ ಗಾಯ, ಉದಾಹರಣೆಗೆ ತೀವ್ರ ಸೋಂಕು ಅಥವಾ ರಕ್ತ ಕೊಟ್ಟ ಮೇಲೆ ಬರುವ ಪ್ರತಿಕ್ರಿಯೆ, ಇವುಗಳ ಚಿತ್ರ ಮಾತ್ರ ಫ್ಯಾಟ್ ಎಂಬಾಲಿಸಂನಂತೆಯೇ ಇರುತ್ತದೆ. ಅಲ್ಲಿ ಪ್ರೋಬ್ ಸೋಲುತ್ತದೆ, ಏನು ಯಾವಾಗ ಆಯಿತು ಎಂಬ ವಿವರವೇ ಕೈಹಿಡಿಯಬೇಕು.

ಇಲ್ಲಿ ಸಮಯ ದೊಡ್ಡ ಸಾಕ್ಷಿ. ಆಸ್ಪತ್ರೆಗೆ ಬಂದಾಗಲೇ ಒಮ್ಮೆ ಶ್ವಾಸಕೋಶ ನೋಡಿಟ್ಟಿದ್ದರೆ, ಆಗ ಶುಭ್ರವಾಗಿದ್ದದ್ದು 36 ಗಂಟೆಯ ನಂತರ ಎರಡೂ ಕಡೆ ಚುಕ್ಕೆಚುಕ್ಕೆಯಾಗಿ ಕೆಟ್ಟಿದೆ ಎಂದು ಹೇಳಬಹುದು. ಜಜ್ಜಿದ ಶ್ವಾಸಕೋಶ ಹಾಗೆ ವರ್ತಿಸುವುದಿಲ್ಲ. ಆ ಮೊದಲ ಸ್ಕ್ಯಾನ್ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ದೊಡ್ಡ ಮೂಳೆ ಮುರಿದು ಬಂದ ಪ್ರತಿ ಗರ್ಭಿಣಿಗೂ, ಉಸಿರಾಟ ಚೆನ್ನಾಗಿರುವಾಗಲೇ, ಐದು ನಿಮಿಷ ಎದೆಯ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಎದೆಯ ಎಕ್ಸ್‌ರೇ ಈ ಕಾಯಿಲೆಯಲ್ಲಿ ಮೊದಲ ಗಂಟೆಗಳಲ್ಲಿ ನಾರ್ಮಲ್ ಇರುವುದೇ ಹೆಚ್ಚು ಎಂಬುದನ್ನೂ ಸೇರಿಸಿಕೊಳ್ಳಿ.

ಇನ್ನು ಹೃದಯ. ಶ್ವಾಸಕೋಶದ ನಾಳಗಳು ಕಟ್ಟಿಕೊಂಡರೆ ರಕ್ತವನ್ನು ಅಲ್ಲಿಗೆ ತಳ್ಳುವ ಬಲ ಕೋಣೆ ಹಿಗ್ಗುತ್ತದೆ. ಸಾಮಾನ್ಯವಾಗಿ ಅದು ಎಡ ಕೋಣೆಯ ಮೂರನೇ ಎರಡು ಭಾಗಕ್ಕಿಂತ ಚಿಕ್ಕದು. ಎರಡೂ ಒಂದೇ ಗಾತ್ರ ಅಥವಾ ಬಲವೇ ದೊಡ್ಡದು ಎಂದು ಕಂಡರೆ ಒತ್ತಡ ಗಂಭೀರವಾಗಿದೆ. ಅಡ್ಡವಾಗಿ ನೋಡಿದಾಗ ದುಂಡಗಿರಬೇಕಾದ ಎಡ ಕೋಣೆ, ನಡುಗೋಡೆ ಒಳಕ್ಕೆ ತಳ್ಳಲ್ಪಟ್ಟು, ಇಂಗ್ಲಿಷಿನ ಡಿ ಅಕ್ಷರದಂತೆ ಚಪ್ಪಟೆಯಾಗುತ್ತದೆ. ಬಲ ಕೋಣೆಯ ಕವಾಟದ ಅಂಚು ಪ್ರತಿ ಬಡಿತಕ್ಕೆ ಎಷ್ಟು ದೂರ ಚಲಿಸುತ್ತದೆ ಎಂದು ಅಳೆಯಬಹುದು, 17 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಆ ಸ್ನಾಯು ಸೋಲುತ್ತಿದೆ. ಎಡ ಕೋಣೆಯೇ ದುರ್ಬಲವಾಗಿ ಬಡಿಯುತ್ತಿದ್ದರೆ ಆಲೋಚನೆ ಬೇರೆ ದಾರಿ ಹಿಡಿಯಬೇಕು, ಗರ್ಭಾವಸ್ಥೆಯ ಕೊನೆಯಲ್ಲಿ ಬರುವ ಹೃದಯ ಸ್ನಾಯುವಿನ ಕಾಯಿಲೆ ನೆನಪಾಗಬೇಕು.

ಗರ್ಭಿಣಿಯ ಹೃದಯ ಸಹಜವಾಗಿಯೇ ಸ್ವಲ್ಪ ದೊಡ್ಡದು, ನಾಲ್ಕೂ ಕೋಣೆಗಳು ಒಂಚೂರು ಹಿಗ್ಗಿರುತ್ತವೆ. ಹೃದಯದ ಸುತ್ತ ತೆಳುವಾಗಿ ನೀರು ಕಾಣುವುದೂ ಉಂಟು. ಸ್ವಲ್ಪ ದೊಡ್ಡದಿದೆ ಎಂದು ಗಾಬರಿಯಾಗಬಾರದು, ಆದರೆ ಚಪ್ಪಟೆಯಾದ ನಡುಗೋಡೆಯನ್ನು ಗರ್ಭದ ಲೆಕ್ಕಕ್ಕೆ ಹಾಕಿ ಬಿಡಲೂಬಾರದು.

ಹೊಟ್ಟೆಯ ದೊಡ್ಡ ಅಭಿಧಮನಿಯನ್ನು ಅಳೆದು ದೇಹದಲ್ಲಿ ದ್ರವ ಎಷ್ಟಿದೆ ಎಂದು ಅಂದಾಜು ಮಾಡುವ ಅಭ್ಯಾಸ ಐಸಿಯುಗಳಲ್ಲಿ ಇದೆ. ತಿಂಗಳು ತುಂಬುತ್ತಿರುವ ಗರ್ಭಿಣಿಯಲ್ಲಿ ಅದನ್ನು ಸುಮ್ನೆ ನಂಬಬೇಡಿ. ಗರ್ಭಕೋಶ ಒತ್ತಿದ್ದರಿಂದ ಅದು ಕುಗ್ಗಿದ್ದರೆ, ದ್ರವ ಕಡಿಮೆ ಎಂದು ಭಾವಿಸಿ ಡ್ರಿಪ್ಸ್ ಏರಿಸಿದರೆ, ಈಗಾಗಲೇ ಹಿಗ್ಗಿರುವ ಬಲ ಕೋಣೆ ಇನ್ನಷ್ಟು ಹಿಗ್ಗುತ್ತದೆ.

ಹೃದಯದೊಳಗೆ ತೇಲುವ ಚುಕ್ಕೆಗಳು

ಎಲ್ಲರಿಗೂ ಕುತೂಹಲ ಇರುವುದು ಈ ವಿಷಯದಲ್ಲೇ. ಕೆಲವೊಮ್ಮೆ ಬಲ ಹೃದಯದಲ್ಲಿ ಅಥವಾ ಅದಕ್ಕೆ ಸೇರುವ ಅಭಿಧಮನಿಯಲ್ಲಿ, ಬಿಸಿಲಕೋಲಿನಲ್ಲಿ ಧೂಳು ತೇಲುವಂತೆ, ಹೊಳೆಯುವ ಚುಕ್ಕೆಗಳು ಹರಿದು ಹೋಗುವುದು ನೇರವಾಗಿ ಕಾಣುತ್ತದೆ. ಮೂಳೆ ಮುರಿದ ರೋಗಿಯಲ್ಲಿ ಇದು ಕಂಡರೆ ಕೊಬ್ಬಿನ ಅನುಮಾನ ಬಲವಾಗುತ್ತದೆ. ಮುರಿದ ಕಾಲಿನ ತೊಡೆಸಂದಿಯ ಅಭಿಧಮನಿಯಲ್ಲೂ ಅವು ಕಂಡು, ಇನ್ನೊಂದು ಕಾಲಿನಲ್ಲಿ ಕಾಣದಿದ್ದರೆ, ಮೂಲ ಎಲ್ಲಿದೆ ಎಂಬುದರ ಸುಳಿವೂ ಸಿಗುತ್ತದೆ.

ಆದರೆ ಇದರಲ್ಲಿ ಮೋಸಹೋಗುವುದು ಸುಲಭ. ಡ್ರಿಪ್ಸ್ ಅಥವಾ ಇಂಜೆಕ್ಷನ್ ಜೊತೆ ಹೋದ ಸಣ್ಣ ಗಾಳಿಗುಳ್ಳೆಗಳು ಥೇಟ್ ಹೀಗೆಯೇ ಹೊಳೆಯುತ್ತವೆ. ಸಂದೇಹ ಬಂದರೆ ಡ್ರಿಪ್ಸ್ ಒಂದು ನಿಮಿಷ ನಿಲ್ಲಿಸಿ ನೋಡಬೇಕು. ಚುಕ್ಕೆಗಳು ನಿಂತರೆ ಗಾಳಿ, ನಿಲ್ಲದಿದ್ದರೆ ಯೋಚಿಸಬೇಕು. ತೊಡೆಮೂಳೆಗೆ ರಾಡ್ ಹಾಕುವ ಆಪರೇಷನ್ ನಡೆಯುವಾಗ ಅನ್ನನಾಳದ ಮೂಲಕ ಹೃದಯ ನೋಡಿದರೆ ಬಹಳಷ್ಟು ರೋಗಿಗಳಲ್ಲಿ ಇಂಥ ಚುಕ್ಕೆಗಳ ಮಳೆಯೇ ಕಾಣುತ್ತದೆ, ಅವರಲ್ಲಿ ಹೆಚ್ಚಿನವರು ಏನೂ ಆಗದೆ ಎದ್ದು ಓಡಾಡುತ್ತಾರೆ. ಎಂಬಾಲಿಸಂ ಬೇರೆ, ಸಿಂಡ್ರೋಮ್ ಬೇರೆ ಎಂದು ಮೊದಲು ಹೇಳಿದ್ದು ಇದಕ್ಕೇ. ಚುಕ್ಕೆ ಕಾಣದಿದ್ದರೂ ಕಾಯಿಲೆ ಇಲ್ಲ ಎನ್ನುವಂತಿಲ್ಲ, ಯಾಕೆಂದರೆ ಉಸಿರು ಕೆಡುವ ಹೊತ್ತಿಗೆ ಕೊಬ್ಬು ಹೃದಯ ದಾಟಿ ಹೋಗಿ ಗಂಟೆಗಳೇ ಆಗಿರಬಹುದು.

ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಸಣ್ಣ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ. ಬಲಭಾಗದ ಒತ್ತಡ ಏರಿದಾಗ ಆ ಕಿಂಡಿ ತೆರೆದುಕೊಂಡು ಕೊಬ್ಬು ನೇರ ಮಿದುಳಿಗೆ ಹೋಗಬಹುದು. ಎಡ ಕೋಣೆಯಲ್ಲೂ ಚುಕ್ಕೆಗಳು ಕಂಡರೆ ಆ ದಾರಿ ತೆರೆದಿದೆ ಎಂದರ್ಥ, ಮಿದುಳಿನ ಮೇಲೆ ಕಣ್ಣಿಡಬೇಕು. ಕಿಂಡಿ ಇಲ್ಲದವರಲ್ಲೂ ಶ್ವಾಸಕೋಶದ ಸಣ್ಣ ನಾಳಗಳ ಮೂಲಕವೇ ಕೊಬ್ಬು ದಾಟುವುದುಂಟು.

ಕಾಲು, ಹೊಟ್ಟೆ, ಮಗು

ಎರಡೂ ಕಾಲುಗಳ ಅಭಿಧಮನಿಗಳನ್ನು ತೊಡೆಸಂದಿಯಲ್ಲಿ ಮತ್ತು ಮಂಡಿಯ ಹಿಂದೆ ಪ್ರೋಬಿನಿಂದ ಒತ್ತಿ ನೋಡಬೇಕು. ಚೆನ್ನಾಗಿದ್ದರೆ ಅಭಿಧಮನಿ ಪೂರ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾಗದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ. ಗರ್ಭಾವಸ್ಥೆಯಲ್ಲಿ ಹೀಗೆ ಹೆಪ್ಪುಗಟ್ಟುವ ಅಪಾಯ ನಾಲ್ಕೈದು ಪಟ್ಟು ಜಾಸ್ತಿ, ಮುರಿದ ಮೂಳೆ ಸೇರಿದರೆ ಇನ್ನೂ ಜಾಸ್ತಿ. ಆದ್ದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಆದರೆ ಗರ್ಭಿಣಿಯರಲ್ಲಿ ಹೆಪ್ಪು ಹೊಟ್ಟೆಯ ಕೆಳಭಾಗದ ಅಭಿಧಮನಿಯಲ್ಲಿ, ಹೆಚ್ಚಾಗಿ ಎಡಗಡೆ, ಇರಬಹುದು. ಅಲ್ಲಿ ಪ್ರೋಬಿನಿಂದ ಒತ್ತಲು ಆಗುವುದಿಲ್ಲ. ಕಾಲು ಶುಭ್ರ ಎಂದ ಕೂಡಲೇ ಆ ಸಾಧ್ಯತೆಯನ್ನು ಪೂರ್ತಿ ಮುಚ್ಚಬಾರದು.

ಹೊಟ್ಟೆಯಲ್ಲಿ ರಕ್ತ ಸೋರಿದೆಯೇ ಎಂದು ಅದೇ ಪ್ರೋಬಿನಿಂದ ನೋಡಬಹುದು. ಗರ್ಭಿಣಿ ಸಾಕಷ್ಟು ರಕ್ತ ಕಳೆದುಕೊಂಡ ಮೇಲೂ ಬಿಪಿ ತುಂಬ ಹೊತ್ತು ಸರಿಯಾಗೇ ಇರುವುದರಿಂದ ಇದು ಮುಖ್ಯ. ಮಗುವಿನ ಎದೆಬಡಿತ ಎಣಿಸಬೇಕು. ಮಾಸು ಕಿತ್ತುಕೊಂಡಿದೆಯೇ ಎಂದು ನೋಡಬಹುದು, ಆದರೆ ಮಾಸು ಕಿತ್ತ ಪ್ರಕರಣಗಳಲ್ಲಿ ಅರ್ಧದಷ್ಟಾದರೂ ಅಲ್ಟ್ರಾಸೌಂಡಿನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಪೆಟ್ಟು ಬಿದ್ದ ಗರ್ಭಿಣಿಗೆ ಮಗುವಿನ ಎದೆಬಡಿತ ಮತ್ತು ಗರ್ಭಕೋಶದ ಬಿಗಿತವನ್ನು ಕನಿಷ್ಠ 4 ಗಂಟೆ ಎಡೆಬಿಡದೆ ದಾಖಲಿಸುವ ಯಂತ್ರವೇ ಹೆಚ್ಚು ಭರವಸೆಯದು. ತಾಯಿಯ ಆಕ್ಸಿಜನ್ ಇಳಿದಾಗ ಮಗುವಿನ ಎದೆಬಡಿತ ಮೊದಲು ಕೆಡುವುದೂ ಉಂಟು, ಅಂದರೆ ಅದು ತಾಯಿಯ ಸ್ಥಿತಿಯ ಬಗ್ಗೆಯೂ ಹೇಳುತ್ತದೆ.

ನೋಡಿದ ಮೇಲೆ ಏನು ಬದಲಾಗುತ್ತದೆ

ಇದೇ ಮುಖ್ಯ. ಬಲ ಹೃದಯ ಹಿಗ್ಗಿದೆ, ಕಾಲಿನಲ್ಲಿ ಹೆಪ್ಪು ಇದೆ, ಶ್ವಾಸಕೋಶ ಮಾತ್ರ ಶುಭ್ರವಾಗಿದೆ ಎಂದರೆ ರಕ್ತದ ಹೆಪ್ಪೇ ಕಾರಣ ಎಂದು ಆ ಕಡೆಗೆ ಚಿಕಿತ್ಸೆ ಸಾಗುತ್ತದೆ. ಬಲ ಹೃದಯ ಹಿಗ್ಗಿದೆ, ಕಾಲು ಶುಭ್ರ, ಶ್ವಾಸಕೋಶ ಎರಡೂ ಕಡೆ ತೇಪೆ ತೇಪೆಯಾಗಿ ಕೆಟ್ಟಿದೆ, ಮೂಳೆ ಮುರಿದು ಎರಡು ದಿನ, ಜೊತೆಗೆ ಗೊಂದಲ ಎಂದರೆ ಫ್ಯಾಟ್ ಎಂಬಾಲಿಸಂ ಮುಂದೆ ಬರುತ್ತದೆ. ಈ ವ್ಯತ್ಯಾಸ ಪುಸ್ತಕದ ವ್ಯತ್ಯಾಸವಲ್ಲ. ಹೆಪ್ಪು ಕರಗಿಸುವ ಔಷಧಿಯನ್ನು ಮೊನ್ನೆಯಷ್ಟೇ ಮೂಳೆ ಮುರಿದ ಗರ್ಭಿಣಿಗೆ ಕೊಟ್ಟರೆ ವಿಪರೀತ ರಕ್ತಸ್ರಾವದ ಅಪಾಯ ಇದೆ, ಕೊಬ್ಬಿಗೆ ಅದರಿಂದ ಪ್ರಯೋಜನವೂ ಇಲ್ಲ. ಹೆರಿಗೆಯ ನೋವಿನ ಮಧ್ಯೆ ಅಥವಾ ಹೆರಿಗೆಯಾದ ಅರ್ಧ ಗಂಟೆಯೊಳಗೆ ದಿಢೀರನೆ ಕುಸಿದು, ರಕ್ತ ಹೆಪ್ಪುಗಟ್ಟದೆ ಹರಿಯತೊಡಗಿದರೆ ಗರ್ಭಜಲ ರಕ್ತಕ್ಕೆ ಸೇರಿದ ಅನುಮಾನ ಮೊದಲು ಬರಬೇಕು. ಅಲ್ಲೂ ಬಲ ಹೃದಯ ಹಿಗ್ಗುತ್ತದೆ, ಸ್ಕ್ಯಾನ್ ನೋಡಿ ಬೇರ್ಪಡಿಸಲು ಆಗುವುದಿಲ್ಲ, ಯಾವಾಗ ಆಯಿತು ಎಂಬುದೇ ಬೇರ್ಪಡಿಸುತ್ತದೆ.

ಕೊಬ್ಬನ್ನು ಕರಗಿಸುವ ಔಷಧಿ ಯಾವುದೂ ಇಲ್ಲ. ಆಕ್ಸಿಜನ್, ಬೇಕಾದರೆ ವೆಂಟಿಲೇಟರ್, ಬಿಪಿ ಹಿಡಿದಿಡುವ ಔಷಧಿ, ಅಳೆದು ಕೊಡುವ ದ್ರವ, ಮತ್ತು ದೇಹ ತಾನೇ ಚೇತರಿಸಿಕೊಳ್ಳುವವರೆಗೆ ಕಾಯುವುದು. ಸ್ಟೀರಾಯ್ಡ್ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ. ಮುರಿದ ಮೂಳೆಯನ್ನು ಬೇಗ ಸ್ಥಿರಗೊಳಿಸುವುದು ಕಾಯಿಲೆ ಬರದಂತೆ ತಡೆಯಲು ನೆರವಾಗುತ್ತದೆ, ಗರ್ಭಿಣಿ ಎಂಬ ಕಾರಣಕ್ಕೆ ಅದನ್ನು ದಿನಗಟ್ಟಲೆ ಮುಂದೂಡುವುದು ಸರಿಯಲ್ಲ. ಈ ಚಿಕಿತ್ಸೆ ಪೂರ್ತಿ ಆಸರೆಯ ಚಿಕಿತ್ಸೆಯಾದ್ದರಿಂದ ಪ್ರೋಬಿಗೆ ಇಲ್ಲಿ ನಿತ್ಯದ ಕೆಲಸ ಇದೆ. ದ್ರವ ಕೊಟ್ಟ ಮೇಲೆ ಬಲ ಕೋಣೆ ಹಿಗ್ಗಿತೇ? ವೆಂಟಿಲೇಟರ್ ಒತ್ತಡ ಏರಿಸಿದಾಗ ಶ್ವಾಸಕೋಶ ತೆರೆದುಕೊಂಡಿತೇ, ಇಲ್ಲ ಹೃದಯ ಇನ್ನೂ ಒದ್ದಾಡಿತೇ? ಇದಕ್ಕೆಲ್ಲ ಉತ್ತರ ಆ ಕ್ಷಣವೇ ಸಿಗುತ್ತದೆ.

ಸಿಟಿ ಸ್ಕ್ಯಾನ್ ಬಗ್ಗೆ ಗರ್ಭಿಣಿಯರ ಮನೆಯವರಿಗೆ ಬಹಳ ಭಯ ಇರುತ್ತದೆ. ಅರ್ಥವಾಗುವ ಭಯ, ಆದರೆ ಅದರ ಪ್ರಮಾಣ ತಿಳಿದಿರಬೇಕು. ಎದೆಯ ಸಿಟಿ ಮಾಡಿದಾಗ ಹೊಟ್ಟೆಯಲ್ಲಿರುವ ಮಗುವಿಗೆ ತಲುಪುವ ವಿಕಿರಣ ಸಾಮಾನ್ಯವಾಗಿ 1 ಮಿಲಿಗ್ರೇಗಿಂತ (ಮಿಲಿಗ್ರೇ ವಿಕಿರಣ ಅಳೆಯುವ ಮಾನ) ಕಡಿಮೆ. ಮಗುವಿನ ಬೆಳವಣಿಗೆಗೆ ಹಾನಿಯ ಚಿಂತೆ ಶುರುವಾಗುವುದು 50 ಮಿಲಿಗ್ರೇ ದಾಟಿದ ಮೇಲೆ. ಬೇಕಾದ ಸಿಟಿಯನ್ನು ಗರ್ಭದ ಕಾರಣಕ್ಕೆ ತಡೆಯಬಾರದು. ಅಲ್ಟ್ರಾಸೌಂಡ್ ಮೊದಲು ಮಾಡುವುದು ಸಿಟಿಗೆ ಹೆದರಿ ಅಲ್ಲ; ರೋಗಿ ಅಲುಗಾಡಿಸುವ ಸ್ಥಿತಿಯಲ್ಲಿ ಇಲ್ಲದಿರುವುದರಿಂದ, ಮತ್ತು ಫ್ಯಾಟ್ ಎಂಬಾಲಿಸಂನಲ್ಲಿ ಸಿಟಿಯಲ್ಲಿ ದೊಡ್ಡ ನಾಳಗಳು ತೆರೆದೇ ಕಾಣಬಹುದಾದ್ದರಿಂದ. ಗೊಂದಲ, ಮಂಪರು ಮುಂದುವರಿದರೆ ಮಿದುಳಿನ ಎಂಆರ್‌ಐ ಒಳ್ಳೆಯ ಪರೀಕ್ಷೆ. ಅದರಲ್ಲಿ ಕತ್ತಲ ಹಿನ್ನೆಲೆಯಲ್ಲಿ ಚದುರಿದ ಬಿಳಿ ಚುಕ್ಕೆಗಳು ಕಾಣುತ್ತವೆ, ಅದಕ್ಕೆ ವಿಕಿರಣವೂ ಇಲ್ಲ, ಬಣ್ಣದ ಇಂಜೆಕ್ಷನ್ನೂ ಬೇಕಾಗುವುದಿಲ್ಲ.

ತಾಯಿಯ ಹೃದಯವೇ ನಿಂತರೆ ಪ್ರೋಬ್ ಬದಿಗಿಡಬೇಕು. ಎದೆ ಒತ್ತುವುದನ್ನು ಸ್ಕ್ಯಾನಿಗಾಗಿ ನಿಲ್ಲಿಸಬಾರದು. ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬೆಳೆದಿದ್ದರೆ, 4 ನಿಮಿಷದಲ್ಲಿ ಬಡಿತ ವಾಪಸ್ ಬರದಿದ್ದರೆ, ಅದೇ ಜಾಗದಲ್ಲಿ ಮಗುವನ್ನು ಹೊರತೆಗೆಯಲು ಶುರುಮಾಡಬೇಕು. ಅದು ಮಗುವಿಗಾಗಿ ಮಾತ್ರವಲ್ಲ, ತಾಯಿಯ ರಕ್ತ ಹೃದಯಕ್ಕೆ ಮರಳಲು ದಾರಿ ಮಾಡಿಕೊಡುವುದಕ್ಕೂ ಹೌದು.

ಸ್ಕ್ಯಾನ್ ಮಾಡುವವರಿಗೆ ಕೊನೆಯದಾಗಿ ಒಂದು ಕೋರಿಕೆ. ನೋಡಿದ್ದನ್ನು ಬರೆದಿಡಿ, ವಿಡಿಯೋ ಉಳಿಸಿಡಿ. ಗಂಟೆ ಎಷ್ಟು, ಪೆಟ್ಟು ಬಿದ್ದು ಎಷ್ಟು ಹೊತ್ತಾಯಿತು, ಆಕೆ ಎಡಕ್ಕೆ ವಾಲಿದ್ದರೇ ಅಥವಾ ಬೆನ್ನ ಮೇಲಿದ್ದರೇ, ಡ್ರಿಪ್ಸ್ ಓಡುತ್ತಿತ್ತೇ ಇಲ್ಲವೇ, ಆಕ್ಸಿಜನ್ ಎಷ್ಟು ಕೊಡುತ್ತಿದ್ದಿರಿ. ರಾತ್ರಿ ಪಾಳಿಗೆ ಬರುವ ವೈದ್ಯರು ಎರಡನೇ ಸ್ಕ್ಯಾನ್ ಮಾಡುವಾಗ ಹೋಲಿಸಿ ನೋಡಬೇಕಾದದ್ದು ಇದನ್ನೇ.